ಲೋಡಿನ ಲೆಕ್ಕ

ಶನಿವಾರಸಂತೆ ದಾಟಿ ಎಡಕ್ಕೆ ತಿರುಗಿದರೆ
ಒಂದು ಗುಡ್ಡವಿತ್ತು. ಅದು ಲಾರಿ ಹತ್ತಿ ಹೋಗುವಾಗ
ಗೇಟಿನಲ್ಲಿ ಕೂತು ಲೆಕ್ಕ ಬರೆದವಳು ನಾನೇ,
ಹದಿನಾಲ್ಕು ವರ್ಷ.
ಹತ್ತು ಲೋಡಿಗೆ ಆರು ಬರೆ ಅಂದರೆ ಆರು.

ಈಗ ಅದೇ ಪುಸ್ತಕದ ಉಳಿದ ಹಾಳೆಗಳಲ್ಲಿ
ಮತ್ತಿ ನಲವತ್ತು, ಹೊನ್ನೆ ಹನ್ನೆರಡು,
ನೇರಳೆ, ಹಂದಿ ಕಿತ್ತದ್ದು ಬಿಟ್ಟು, ಏಳು.
ಒಣಗಿದ್ದಕ್ಕೂ ಒಂದು ಗೆರೆ.
ಸುಳ್ಳು ಬರೆಯುವುದು ಬಿಟ್ಟಿದ್ದೇನೆ.

ಸಿಲ್ವರ್ ಓಕ್ ಹಾಕಿ, ಬೇಗ ಬರುತ್ತೆ,
ಅಂದರು ಪಂಚಾಯ್ತಿಯವರು.
ದುರ್ಗಪ್ಪ ಮಾತಾಡಲಿಲ್ಲ.
ಮದ್ದಿಗೆ ತೂತು ಕೊರೆದ ಕೈ, ಎರಡು ಬೆರಳು ಕಮ್ಮಿ;
ಹಾರೆಯಿಂದ ತಟ್ಟಿ ಬಂಡೆಗೆ ಕಿವಿಗೊಡುತ್ತಾನೆ:
‘ಇಲ್ಲಿ ಸೀಳಿದೆ. ನೀರು ಇಳಿಯುತ್ತೆ. ಇಲ್ಲಿಡು.’
ಒಡೆಯಲೆಂದೇ ಕಲಿತ ವಿದ್ಯೆ.

ಮಣ್ಣು ಮಾತ್ರ ಬುಟ್ಟಿಯಲ್ಲೇ ಬರಬೇಕು,
ಕೆಳಗಿನ ಕೆರೆಯ ಹೂಳು.
ಮೂರು ಬೇಸಿಗೆ ಹೊತ್ತೆವು.
ನಡುಮಧ್ಯಾಹ್ನ ಬಂಡೆ ಕಾದ ಹೆಂಚು,
ಗಿಡದ ನೆರಳು ಅಂಗೈಯಗಲ.

ಮೊನ್ನೆ, ಮದ್ದು ತುಂಬದೆ ಬಿಟ್ಟಿದ್ದ ಹಳೇ ತೂತಿನಲ್ಲಿ
ಯಾರೂ ನೆಡದ ಗೋಣಿ ಸಸಿ,
ಕಡ್ಡಿಯಷ್ಟು, ಎರಡೇ ಎಲೆ.
ಯಾವ ಹಕ್ಕಿಯ ಕೆಲಸವೋ.
ಯಾವ ಕಾಲಮ್ಮಿಗೆ ಹಾಕಲಿ ಎಂದು ನಾನು ಪೆನ್ನು ಹಿಡಿದು ನಿಂತೆ.

ದುರ್ಗಪ್ಪ ಬಗ್ಗಿ ನೋಡಿದವನು
ಹಳೇ ಅಭ್ಯಾಸ,
ನಾಲ್ಕು ಹೆಜ್ಜೆ ಹಿಂದೆ ಸರಿದು
ಕಿವಿ ಮುಚ್ಚಿಕೊಂಡ.