ಹಂಗು

ತಾರೀಖು ತಿದ್ದುವ ಒಂದೇ ಫಂಕ್ಷನ್ನಿಗಾಗಿ
ಚಂದ್ರಪ್ರಭು ಈ ಜಾವಾ ಮಾಡ್ಯೂಲಿಗೆ
ಇಡೀ ಪ್ಯಾಕೇಜು ಎಳೆದು ತಂದಿದ್ದ;
ಅದರ ಬಾಲಂಗೋಚಿಯಾಗಿ ಇನ್ನೂ ಹನ್ನೊಂದರ ಹಂಗು.
ಸಾಸಿವೆ ಕೇಳಹೋಗಿ
ಪಕ್ಕದ ಮನೆಯ ಅಡುಗೆಕೋಣೆಯನ್ನೇ ಹೊತ್ತು ಬಂದ ಹಾಗೆ.
ಅವನು ಕೆಲಸ ಬಿಟ್ಟು ಮೂರು ವರ್ಷ.

ಜೀವನ್ ಬಿಮಾ ನಗರದ ಕಿಟಕಿಯಾಚೆ
ಏಣಿ ಹತ್ತಿದವನೊಬ್ಬ
ಹೊಂಗೆಮರಕ್ಕೆ ಸುತ್ತಿದ ಕೇಬಲ್ಲು ಬಿಡಿಸುತ್ತಿದ್ದಾನೆ.
ಒಂದು ಕತ್ತರಿಸಿ, ಕಾಯುತ್ತಾನೆ,
ಯಾವ ಮನೆಯಿಂದ ಯಾರು ಕೂಗುತ್ತಾರೋ ಅಂತ.

ನಾನೂ ಒಂದು ‘ರಿಕ್ವೈರ್ಸ್’ ಸಾಲು ಅಳಿಸಿ
ಬಿಲ್ಡ್ ಒತ್ತಿ ಕಾಯುತ್ತೇನೆ.
ಕೆಂಪು. ಇದು ಬೇಕು, ಇರಲಿ.
ಮುಂದಿನದು?
ಯಾರೂ ಕೂಗಲಿಲ್ಲ.

ಸಂಜೆಗೆ ಏಳು ಸಾಲು ಹೋಗಿದ್ದವು.
ಫುಟ್‌ಪಾತಿನಲ್ಲಿ ಸತ್ತ ತಂತಿಗಳ ಕಪ್ಪು ಸುರುಳಿ,
ಹೊಂಗೆಯ ಕೊಂಬೆ ಒಂದು ಗೇಣು ಮೇಲೆದ್ದಿದೆ.
ಏಣಿಯವನು ಟೀ ಹೀರುತ್ತ
ಇನ್ನೂ ಕಿವಿಗೊಟ್ಟೇ ಇದ್ದಾನೆ.