ಎರಡನೇ ನೀರಿನ ನೀಲಿ

ಡಬ್ಬಿಯ ಚೀಟಿಯಲ್ಲಿ ಪೆನ್ಸಿಲ್ ಅಕ್ಷರ:
ಮಾಬುನ್ನಿ, ನಲವತ್ತಮೂರು, ಕೌಲ್ ಬಜಾರ್, ಪಿತ್ತಕೋಶ.
ಫಾರ್ಮಲಿನ್ನಿನಲ್ಲಿ ಒಂದು ರಾತ್ರಿ ಮಲಗಿ ಎದ್ದ
ಎಳೆ ಬದನೆಕಾಯಿಯಷ್ಟು ಚೀಲ.
ನಾನು ಕೊಯ್ಯುವವಳು.
ಗಂಡನ ಮನೆಯಲ್ಲಿ ಮಾತ್ರ ಇಪ್ಪತ್ತು ವರ್ಷದಿಂದ
'ಲ್ಯಾಬಿನಲ್ಲಿ ಏನೋ ಕೆಲಸ'.

ಕೊಯ್ದರೆ ಪಿತ್ತವೇ ಇಲ್ಲ.
ಹಸಿರಿಲ್ಲ, ಹಳದಿಯಿಲ್ಲ,
ಬೆಂಡೆಕಾಯಿ ಹೆಚ್ಚಿದ ಈಳಿಗೆಯ ಅಂಚಿಗೆ
ಎಳೆ ಎಳೆಯಾಗಿ ಜೋತುಬೀಳುತ್ತದಲ್ಲ, ಅಂಥ ಬಿಳಿ ಲೋಳೆ.
ಅದರೊಳಗೆ ಹನ್ನೊಂದು ಕಲ್ಲು, ಜೋಳದ ಕಾಳಿನ ಗಾತ್ರ,
ಒಂದಕ್ಕೊಂದು ಉಜ್ಜಿ ಮೂಲೆ ಸವೆದವು.
ಹನ್ನೆರಡನೆಯದು ಬಾಯಿಗೇ ಅಡ್ಡ ಕೂತಿತ್ತು.
ಪಿತ್ತ ನೆತ್ತಿಗೇರುತ್ತದೆ ಅನ್ನುತ್ತಾರೆ;
ಇದು ಎಲ್ಲಿಗೂ ಏರಲಾರದೆ
ಇದ್ದ ಬಣ್ಣವನ್ನೆಲ್ಲ ಗೋಡೆಗೆ ಕುಡಿಸಿತ್ತು.

ಕರುಳಿನ ಕಡೆಯಿಂದ ಬಂದಿರಬೇಕು ಅವು,
ಏಣಿ ಕೇಳದೆ ಹತ್ತುವ ಜಾತಿ,
ಕಹಿಯಲ್ಲೂ ಸಂಸಾರ ಹೂಡುವವು.
ಚೀಲದ ಒಳಮೈಗೆ ಗೊತ್ತಿರುವುದು ಒಂದೇ ಉಪಾಯ:
ಉಗುಳುವುದು.
ಒಂದೊಂದು ಕೋಶವೂ ಹೊಟ್ಟೆಯ ಗುಳ್ಳೆ ಒಡೆದು ಲೋಳೆ ಸುರಿಯಿತು,
ಮೊದಲು ತೆಳ್ಳಗೆ, ಗೋಡೆಗೆ ಸುಣ್ಣ ಬಳಿದಂತೆ,
ಬಂದವರು ಜಾರಿ ಹೋಗಲಿ ಅಂತ.
ಜಾರಲಿಲ್ಲ.
ಉರಿಯೂತ ಬೆನ್ನ ಹಿಂದೆ ನಿಂತು
ರಾತ್ರಿ ಪಾಳಿಯ ಮೇಸ್ತ್ರಿಯಂತೆ
ಸುರಿ ಇನ್ನೂ ಸುರಿ ಅಂತಿತ್ತು.
ಬಂದವೂ ಸುಮ್ಮನಿರದೆ ತಮ್ಮದೇ ಅಂಟು ನೇಯ್ದು
ಕೌದಿ ಹೊದ್ದು ಮಲಗಿದವು.
ಯಾರ ಲೋಳೆ ಯಾರದೋ.
ಆ ದಪ್ಪದಲ್ಲಿ ತೇಲುತ್ತಿದ್ದ ಒಂದು ಹರಳಿಗೆ
ದಾರಿ ಸಿಗಲಿಲ್ಲ. ಅಲ್ಲೇ ನಿಂತಿತು.
ಇನ್ನೊಂದು ಬಂದು ಪಕ್ಕ ಕೂತಿತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ
ಎಂದು ಬರೆದು ಹೊಡೆದುಹಾಕಿದೆ.
ಬೇಲಿ ಮೇಯಲಿಲ್ಲ.
ಕಾಯುತ್ತ ಕಾಯುತ್ತ ದಪ್ಪಗಾಗಿ ಒಳಗೊಳಗೆ ಬಂತು,
ಕೊನೆಗೆ ಹೊಲಕ್ಕೇ ಜಾಗ ಉಳಿಯಲಿಲ್ಲ.

ಏಪ್ರಿಲ್ಲಿನ ಬಳ್ಳಾರಿಯಲ್ಲಿ ಮೇಣ ತಾನಾಗಿ ಮೆತ್ತಗಾಗುತ್ತದೆ,
ಐಸು ಒತ್ತಿಕೊಂಡು ಕೊಯ್ಯಬೇಕು.
ಕೂದಲಿಗಿಂತ ತೆಳ್ಳಗೆ ಒಂದು ಪದರ,
ಬೆಚ್ಚನೆ ನೀರಲ್ಲಿ ತೇಲಿಸಿ ಗಾಜಿಗೆ ಹತ್ತಿಸಿ
ಆಲ್ಸಿಯನ್ ನೀಲಿ ಬಿಟ್ಟು ಅರ್ಧ ಗಂಟೆ ಕಾದೆ.
ಲೋಳೆ ಇದ್ದಲ್ಲಿ ಹಿಡಿಯುವ ಬಣ್ಣ ಅದು.
ಹಿಡಿಯಿತು, ಹೊಳೆ ಹರಿದಂತೆ ಹಿಡಿಯಿತು.
ಒಂದು ಮೂಲೆ ಬಿಟ್ಟು.
ಅಲ್ಲಿ ಪದರವೇ ಸುಲಿದಿತ್ತು,
ಉಗುಳುವುದಕ್ಕೂ ಯಾರೂ ಇರಲಿಲ್ಲ.

ಗುರುವಾರ ಕಿಟಕಿಗೆ ಅವಳೇ ಬಂದಳು,
ಹೊಲಿಗೆಯ ಪಕ್ಕೆಯನ್ನು ಅಂಗೈಯಲ್ಲಿ ಅದುಮಿಕೊಂಡು.
ಉಗುರು, ಬೆರಳು, ಮಣಿಕಟ್ಟಿನವರೆಗೂ ನೀಲಿ.
ಮುಂಡರಗಿ ಕಡೆ ಜೀನ್ಸ್ ತೊಳೆಯುವ ಯೂನಿಟ್ಟು, ಹದಿನಾರು ವರ್ಷ.
"ಅಕ್ಕಾರ, ಕಲ್ಲು ಬಾಟ್ಲಿಯಾಗ ಹಾಕಿ ಕೊಟ್ಟಾರ.
ಚೀಲ ಎಲ್ಲೈತಿ?"

ನಿಯಮದಲ್ಲಿಲ್ಲ. ಒಳಗೆ ಕರೆದೆ.
ಕನ್ನಡಕ ತೆಗೆದು ಸೆರಗಿಗೆ ಸಿಕ್ಕಿಸಿ
ಎರಡೂ ಕಣ್ಣಿಟ್ಟಳು.
ಬಹಳ ಹೊತ್ತು ಏನೂ ಅನ್ನಲಿಲ್ಲ.
ಅಯ್ಯೋ ಅಲ್ಲಾ ಅಂತಾಳೆ ಅಂದುಕೊಂಡಿದ್ದೆ.

"ಇದು ಎರಡನೇ ನೀರಿನ ನೀಲಿ" ಅಂದಳು.
"ಮೊದಲನೇದ್ರಾಗ ಇಷ್ಟು ಬಿಳಿಚಂಗಿಲ್ಲ,
ಮೂರನೇದ್ರಾಗ ಇಷ್ಟು ಉಳಿಯಂಗಿಲ್ಲ.
ಡ್ರಮ್ಮಿಗೆ ಕಲ್ಲು ಹಾಕಿ ತಿರುವಿದ್ರ ಹಿಂಗ ಬರತೈತಿ."
ಮತ್ತೆ ಬಗ್ಗಿ, ಆ ಮೂಲೆಗೆ ಬಂದು ನಿಂತಳು.
"ಇಲ್ಲಿ ಹರದೈತಿ ನೋಡ್ರಿ. ಪೀಸು ರಿಜೆಕ್ಟು."
ನಕ್ಕಳು, ನಕ್ಕು ಹೊಲಿಗೆ ಜಗ್ಗಿ
ಮೇಜು ಹಿಡಿದುಕೊಂಡಳು.

ಕ್ಯಾನ್ಸರ್ ಇಲ್ಲ ಎಂದು ಬರೆದಿದ್ದ ಕಾಗದವನ್ನು
ನಾಲ್ಕು ಮಡಿಕೆ ಮಾಡಿ ಬಾಟಲಿಗೆ ಸುತ್ತಿಕೊಂಡು ಹೋದಳು.
ಮೆಟ್ಟಿಲ ಕೆಳಗಿನವರೆಗೂ ಕಲ್ಲು ಕಲಕಲ ಅನ್ನುತ್ತಿತ್ತು.

ಸಂಜೆ ಕೈ ತೊಳೆದೆ. ಇನ್ನೊಮ್ಮೆ ತೊಳೆದೆ.
ನನ್ನ ಉಗುರಿನ ಸುತ್ತಲೂ ಇದೆ,
ಗ್ಲೌಸು ತೂತಾದ ದಿನಗಳದು.
ಇದು ಯಾವ ನೀರಿನದು ಅಂತ
ಅವಳನ್ನು ಕೇಳಬೇಕಿತ್ತು.