ಷರಾ

ತೆಂಕಪೇಟೆಯ ಉಪೇಂದ್ರ ಶೇಟರ ಅಂಗಡಿಯಲ್ಲಿ
ಹತ್ತೊಂಬತ್ತು ವರ್ಷ ನಾನು ಅಡವಿನ ಪುಸ್ತಕ ಬರೆದವನು.
ನಂಬ್ರ, ತಾರೀಕು, ಹೆಸರು, ಊರು,
ಸೊತ್ತಿನ ವಿವರ, ತೂಕ, ಕೊಟ್ಟ ಹಣ, ಬಡ್ಡಿ,
ಕೊನೆಗೆ ಎರಡು ಬೆರಳಗಲದ ಒಂದು ಕಲಂ:
ಷರಾ.

ಸರಕಾರ ಕೇಳಿದ್ದು ಮೊದಲಿನ ಎಂಟು.
ಒಂಬತ್ತನೆಯದು ಶೇಟರ ಸ್ವಂತ.
ವೀಳ್ಯವನ್ನು ದವಡೆಗೆ ಸರಿಸಿ ಅವರು ಹೇಳುವರು, ನಾನು ಬರೆಯುವೆ:
‘ಬಲೆಗೆ ಬೇಕಾಗಿ. ಗಂಡನಿಗೆ ತಿಳಿಯದು, ಮನೆಗೆ ಕಾಗದ ಹಾಕಬಾರದು.’
‘ಕರಿಮಣಿ ಬೇಡವೆಂದೆ. ಬೆಂಡೋಲೆ ಮಾತ್ರ.’
‘ಚೌತಿಗೆ ಒಂದು ದಿನ ಹಾಕಿಕೊಳ್ಳಲು ಕೊಟ್ಟಿದೆ.
ಮರುದಿನ ತಂದಳು.’
‘ಇವಳದ್ದನ್ನು ಹರಾಜಿಗೆ ಇಡಬೇಡ.’
ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಜೂನಿನಲ್ಲಿ ಮಲ್ಪೆಯ ಬೋಟುಗಳು ದಡ ಸೇರಿದರೆ
ಎರಡನೆಯ ವಾರಕ್ಕೆ ನಮ್ಮ ಕಪಾಟು ಭರ್ತಿ.
ಬೋಟಿಗೆ ರಜೆ, ಬಳೆಗೆ ಕೆಲಸ.
ಕಮಲಿ ಮೆಂಡನ್ ಬರುವುದು ಮಧ್ಯಾಹ್ನ ಎರಡಕ್ಕೆ,
ಬೀದಿಯಲ್ಲಿ ಕಾಣುವವರಿಲ್ಲದ ಹೊತ್ತು,
ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ
ಅವೇ ನಾಲ್ಕು ಬಳೆ.

ಆಮೇಲೆ ಅಡವಿನಂಗಡಿ ಫೋನಿನೊಳಗೆ ಬಂತು.
ಟೀ ಶರ್ಟಿನ ಹುಡುಗ, ಸ್ಕೂಟರಿಗೆ ಕಟ್ಟಿದ ತಕ್ಕಡಿ,
ನೇರ ಅಡುಗೆಮನೆಯವರೆಗೆ.
ಇಪ್ಪತ್ತು ನಿಮಿಷಕ್ಕೆ ಹಣ ಖಾತೆಯಲ್ಲಿ.
ಚಿನ್ನ ಎಲ್ಲಿಗೆ ಹೋಯಿತೆಂದರೆ ‘ಸೇಫಲ್ಲಿದೆ ಅಕ್ಕಾ’.
ಯಾವ ಊರಿನ ಸೇಫು?
ಬಡಾನಿಡಿಯೂರಿನ ಒಬ್ಬಳದ್ದು ಹರಾಜಾಗಿಯೇ ಹೋಯಿತು.
ತಿಳಿದದ್ದು ಮೆಸೇಜಿನಲ್ಲಿ, ಮೆಸೇಜು ಇಂಗ್ಲಿಷಿನಲ್ಲಿ,
ಓದಿ ಹೇಳಿದವನು ನಾನು, ಶೇಟರ ಗದ್ದಿಗೆಯ ಎದುರು.
ಶೇಟರು ಗೆದ್ದ ಮುಖ ಮಾಡಲಿಲ್ಲ.
ಕನ್ನಡಕ ಒರೆಸಿಕೊಂಡರು.

ಈಗ ನಿಯಮ ಬಂದಿದೆ. ಫೋನಿನವರಿಗೂ ನಮಗೂ ಒಂದೇ.
ತೂಗುವುದನ್ನು ವೀಡಿಯೊ ಮಾಡಬೇಕು, ಮುಖ ಕಾಣಬೇಕು,
‘ಇದು ನನ್ನದೇ’ ಎಂದು ಬಾಯಿಬಿಟ್ಟು ಹೇಳಬೇಕು,
ಹರಾಜಿನ ನೋಟೀಸು ಅವರವರ ಭಾಷೆಯಲ್ಲಿ.
ನಮೂನೆಗೆ ಮೂವತ್ತೆರಡು ಖಾನೆ.
ಅದನ್ನು ತುಂಬಲು ಕಂಪೆನಿಗೆ ಒಂದು ಮಹಡಿ ಜನ,
ಇಲ್ಲಿ ನಾನೊಬ್ಬ, ಮತ್ತೆ ಕೆಮ್ಮುವ ಒಂದು ಪ್ರಿಂಟರು.
ಪಕ್ಕದ ಎರಡು ಅಂಗಡಿಯವರು ಲೈಸೆನ್ಸು ಒಪ್ಪಿಸಿಬಿಟ್ಟರು.
ಒಂದರಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಕಮಲಿಗೆ ನಾನು ದೂರು ಹೇಳುವ ಧಾಟಿಯಲ್ಲೇ ಹೇಳಿದೆ:
ನೋಡಿ, ಇನ್ನು ಕ್ಯಾಮೆರಾಕ್ಕೆ ಮುಖ ಕೊಡಬೇಕಂತೆ ನೀವು,
ಕದ್ದವರ ಹಾಗೆ.
ಅವಳು ಸಿಂಬಿ ತೆಗೆದು ಬೆಂಚಿನ ಮೇಲಿಟ್ಟಳು.
‘ಮೀನು ಮಾರುವವಳಿಗೆ ಮುಖದ ನಾಚಿಕೆಯೇ ರೈಟರೆ?
ಎರಡಕ್ಕೆ ಬರುವುದು ಕದ್ದು ಅಲ್ಲ,
ಒಣಮೀನು ಮಾರಿ ಮುಗಿಯುವುದು ಆಗ.
ಇಷ್ಟು ವರ್ಷ ನಿಮ್ಮ ತಕ್ಕಡಿಯ ಮುಖ ಗೋಡೆ ಕಡೆಗಿತ್ತು,
ನಾನೇನಾದರೂ ಕೇಳಿದ್ದೆನೆ?
ನಾನು ಬಂಗುಡೆ ತೂಗುವಾಗ
ಮುಳ್ಳು ಗಿರಾಕಿ ಕಡೆಗೇ ಇರುತ್ತದೆ.’

ಫ್ಯಾನಿನ ಸದ್ದು.
ಶೇಟರು ಎದ್ದರು. ಅವರು ಏಳುವುದು ಅಪರೂಪ.
ತಕ್ಕಡಿಯನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ,
ಮೇಜಿನ ಈಚೆ ಅಂಚಿಗೆ ತಂದಿಟ್ಟರು.
ಅದು ಇದ್ದಲ್ಲಿ
ಧೂಳಿಲ್ಲದ ಒಂದು ಚೌಕ ಉಳಿಯಿತು.

ಕೆಂಪು ಅಂಕಿ ಹಾರಿ ಹಾರಿ ನಿಂತಿತು.
ಕಳೆದ ವರ್ಷ ಪುಸ್ತಕದಲ್ಲಿದ್ದದ್ದಕ್ಕಿಂತ
ಮುನ್ನೂರು ಮಿಲಿಗ್ರಾಮ್ ಹೆಚ್ಚು.
ತೊಟ್ಟ ಬಳೆ ಸವೆಯುವುದುಂಟು,
ಬೆಳೆಯುವುದುಂಟೆ?
ಹಳೆಯ ಅಂಕಿ ಬರೆದ ಕೈ ನನ್ನದು.
ಯಾರೂ ಮಾತಾಡಲಿಲ್ಲ. ಕ್ಯಾಮೆರಾ ನೋಡುತ್ತಿತ್ತು.

ಮೂವತ್ತೆರಡೂ ತುಂಬಿದೆ. ಅದರಲ್ಲಿ ಷರಾ ಇಲ್ಲ.
ಅವಳು ಹೋದ ಮೇಲೆ
ಯಾರಿಗೂ ತೋರಿಸಬೇಕಾಗಿಲ್ಲದ ಹಳೆಯ ಪುಸ್ತಕ ಬಿಡಿಸಿ
ಶೇಟರ ಮುಖ ನೋಡಿದೆ.
ಹೊರಗೆ ಹೋಗಿ ವೀಳ್ಯ ಉಗುಳಿ ಬಂದರು.
‘ಬರೆ: ಇವಳಿಗೆ ಕೊಡಲಿಕ್ಕಿದೆ.
ಎಷ್ಟೆಂದು ನೀನೇ ಲೆಕ್ಕ ಹಾಕು,
ಮೊದಲ ವರ್ಷದಿಂದ.’